ಪೋಸ್ಟ್‌ಕಾರ್ಡ್, ಕೆಮ್ಮಣ್ಣು, ಡಾಂಬರು: ಶಾಂತಿನಿಕೇತನದ ಡ್ರಾಯಿಂಗ್ ಪಾಠ

ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಡ್ರಾಯಿಂಗ್ ಪೀರಿಯಡ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದು ಇಷ್ಟೇ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಕ್ಕಳೂ ಅದನ್ನೇ ಬರೆದಿದ್ದೇವೆ.

ಎದುರಿಗಿರುವುದನ್ನು ಬಿಟ್ಟು ಮಾದರಿ ನೋಡಿ ಬರೆಯುವ ರೂಢಿ ಹಳೆಯದು. ಬ್ರಿಟಿಷರ ಕಾಲದ ಕಲಾಶಾಲೆಗಳಲ್ಲಿ ಯುರೋಪಿನ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು ನಕಲು ಮಾಡುವುದು ದೊಡ್ಡ ಪಾಠವಾಗಿತ್ತು. ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದ ಜಾಗಗಳಲ್ಲಿ ಮುಖ್ಯವಾದದ್ದು ಬಂಗಾಳದ ಶಾಂತಿನಿಕೇತನ. ರವೀಂದ್ರನಾಥ ಟ್ಯಾಗೋರರು 1919ರಲ್ಲಿ ಅಲ್ಲಿ ಕಲಾಭವನ ಶುರುಮಾಡಿದರು. ಅದನ್ನು 1951ರವರೆಗೆ ನಡೆಸಿಕೊಂಡು ಬಂದವರು ನಂದಲಾಲ್ ಬೋಸ್. ನಮ್ಮ ಸಂವಿಧಾನದ ಕೈಬರಹದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದವರು ಇವರು ಮತ್ತು ಇವರ ಶಿಷ್ಯರೇ. ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪ ಮತ್ತು ನಂದಲಾಲ್ ಇಬ್ಬರೂ ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು.

ನಂದಲಾಲರು ಹೋದಲ್ಲೆಲ್ಲ ಖಾಲಿ ಕಾರ್ಡುಗಳನ್ನು ಇಟ್ಟುಕೊಂಡಿರುತ್ತಿದ್ದರು. ದಾರಿಯಲ್ಲಿ ಕಂಡ ಎತ್ತು, ಆಡು, ಹೊರೆ ಹೊತ್ತ ಹೆಂಗಸು, ಒಂದು ಮರ, ಯಾವುದಾದರೂ ಸರಿ, ನಾಲ್ಕಾರು ಗೆರೆಯಲ್ಲಿ ಹಿಡಿಯುತ್ತಿದ್ದರು. ಅಂಥ ಎಷ್ಟೋ ಕಾರ್ಡುಗಳು ಶಿಷ್ಯರಿಗೆ, ಆಪ್ತರಿಗೆ ಅಂಚೆಯಲ್ಲಿ ಹೋದವು. ಮೊದಲು ನೋಡು, ಮನಸ್ಸಿನಲ್ಲಿಟ್ಟುಕೋ, ಆಮೇಲೆ ನೆನಪಿನಿಂದ ಬರೆ ಎಂಬುದು ಅವರ ಕ್ರಮ. ಮರವನ್ನು ಬರೆಯುವಾಗ ಕುಂಚ ಬುಡದಿಂದ ಮೇಲಕ್ಕೆ ಹೋಗಬೇಕು, ಮರ ಬೆಳೆಯುವುದು ಹಾಗೆಯೇ ತಾನೆ, ಎನ್ನುತ್ತಿದ್ದರು. ತೋಟ ಮಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಾಮಗ್ರಿ. ವಿದೇಶಿ ಬಣ್ಣ ದುಬಾರಿ, ಜೊತೆಗೆ ಅದು ಸ್ವದೇಶಿ ಚಳವಳಿಯ ಕಾಲ. ಹಾಗಾಗಿ ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆ ಎಲ್ಲವೂ ಬಣ್ಣವಾದವು. ಗೋಡೆಚಿತ್ರ ಕಲಿಸಲು ಜೈಪುರದಿಂದ ನರಸಿಂಗಲಾಲ್ ಎಂಬ ಕಸುಬುದಾರರನ್ನು ಕರೆಸಿದರು. ಮಣ್ಣಿನ ಹಾಸ್ಟೆಲ್ ಒಂದರ ಗೋಡೆಗಳ ಮೇಲೆ ಗುರು ಶಿಷ್ಯರು ಸೇರಿ ಉಬ್ಬುಚಿತ್ರ ಮಾಡಿ ಡಾಂಬರು ಬಳಿದರು. ಅದೇ ‘ಕಪ್ಪು ಮನೆ’. ಮಣ್ಣಿನ ಮೇಲೆ ಕೈಯಾಡಿಸಿದಾಗ ಸಿಗುವ ಗೆರೆ ಪೆನ್ಸಿಲ್ಲಿಗೆ ಸಿಗುವುದಿಲ್ಲ. ಸಾಮಗ್ರಿ ಬದಲಾದಾಗಲೆಲ್ಲ ಕೈ ಹೊಸದಾಗಿ ಕಲಿಯಬೇಕು. ಬಡತನಕ್ಕೆ ಹುಡುಕಿದ ಉಪಾಯವೇ ಅಲ್ಲಿ ಪಾಠವಾಯಿತು ಎಂದು ನಮಗನ್ನಿಸುತ್ತದೆ.

1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಹಳ್ಳಿಯ ಜನ ದಾರಿಯಲ್ಲಿ ನಡೆದು ಹೋಗುತ್ತಲೇ ನೋಡುವಂಥ ಚಿತ್ರಗಳು ಬೇಕು ಎಂದು ಗಾಂಧೀಜಿ ನಂದಲಾಲರಿಗೆ ಹೇಳಿದರು. ಕೈಕಾಗದದ ಮೇಲೆ ದಪ್ಪ ಗೆರೆಯಲ್ಲಿ ದರ್ಜಿ, ಡೋಲು ಬಾರಿಸುವವನು, ಬಡಗಿ, ಮಗುವನ್ನೆತ್ತಿಕೊಂಡ ತಾಯಿ ಎಲ್ಲರೂ ಬಂದರು. ವರ್ಷಗಟ್ಟಲೆ ಕಾರ್ಡುಗಳ ಮೇಲೆ ಪಳಗಿದ ಕೈಗೆ ಮಾತ್ರ ಅಷ್ಟು ಬೇಗ ಅಷ್ಟೊಂದು ಚಿತ್ರ ಸಾಧ್ಯ.

ಅದೇ ವರ್ಷ ಶಿಷ್ಯ ರಾಮಕಿಂಕರ್ ಬೈಜ್ ‘ಸಂತಾಲ್ ಕುಟುಂಬ’ ಶಿಲ್ಪ ಮಾಡಿದರು. ಕಂಚಿಗೆ ದುಡ್ಡೆಲ್ಲಿ? ಸಿಮೆಂಟಿಗೆ ಅಲ್ಲಿನ ಕೆಂಪು ಜಂಬಿಟ್ಟಿಗೆ ಹರಳು ಬೆರೆಸಿದರು. ಇಲ್ಲೊಂದು ಮಾತು ಹೇಳದೆ ಇರಲಾಗದು. ಸಂತಾಲರು ಚಿತ್ರದಲ್ಲಿ, ಶಿಲ್ಪದಲ್ಲಿ ಧಾರಾಳವಾಗಿ ಕಾಣುತ್ತಾರೆ. ಅವರ ಮಕ್ಕಳಲ್ಲಿ ಎಷ್ಟು ಮಂದಿ ಆ ತರಗತಿಯಲ್ಲಿ ಕುಳಿತಿದ್ದರು ಎಂದು ಕೇಳಬೇಕಾದವರು ಹಳ್ಳಿಯಿಂದ ಬಂದ ನಾವೇ.

ಈ ಪಾಠದ ನಿಜವಾದ ಪರೀಕ್ಷೆ ಆದದ್ದು ಇನ್ನೊಬ್ಬ ಶಿಷ್ಯರ ಬದುಕಿನಲ್ಲಿ. ಬಿನೋದ್ ಬಿಹಾರಿ ಮುಖರ್ಜಿಗೆ ಹುಟ್ಟಿನಿಂದ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ಮಂದ. ಅವರು 1946-47ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ದೊಡ್ಡ ಚಿತ್ರಸಾಲು ಬರೆದರು. ಹಸಿ ಗಾರೆಯ ಮೇಲೆ ಬರೆದದ್ದನ್ನು ರಬ್ಬರಿನಿಂದ ಅಳಿಸಲಾಗದು, ಗಾರೆ ಒಣಗುವುದರೊಳಗೆ ಕೆಲಸ ಮುಗಿಯಬೇಕು. ಆದರೂ ಪೂರ್ಣ ಅಳತೆಯ ನಕ್ಷೆಯನ್ನು ಗೋಡೆಗೆ ಇಳಿಸಿಕೊಳ್ಳದೆ ನೇರವಾಗಿ ಬರೆದರು.

ಸುಮಾರು ಹತ್ತು ವರ್ಷದ ನಂತರ, ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ, ಇದ್ದ ನೋಟವೂ ಹೋಯಿತು. ಅವರು ಕಾಗದ ಕತ್ತರಿಸತೊಡಗಿದರು, ಮಡಚತೊಡಗಿದರು, ಮಣ್ಣು ಹಿಡಿದರು, ಬೆರಳಿನಿಂದಲೇ ಅಂಚು ಹುಡುಕಿಕೊಂಡು ಆಕೃತಿ ಮಾಡಿದರು. ಮುಂದೆ ಕಲಾಭವನದ ಗೋಡೆಯೊಂದರ ಮೇಲೆ ಹೆಂಚಿನ ಬಿಲ್ಲೆಗಳಲ್ಲಿ ಭಿತ್ತಿಚಿತ್ರವನ್ನೂ ಮಾಡಿಸಿದರು. ಅಲ್ಲಿಯೇ ಅವರ ಬಳಿ ಕಲಿತಿದ್ದ ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರದಲ್ಲಿ ಆ ಗೋಡೆಯ ಕೆಲಸ ನಡೆಯುವುದನ್ನು ನೋಡಬಹುದು.