ಸ್ಕ್ಯಾಬ್ ಅಂದ್ರೆ ಯಾರು?



ಗಾಯ ಒಣಗುವಾಗ ಕಟ್ಟೋ ಹಕ್ಕಳೆಗೆ ಇಂಗ್ಲಿಷಿನಲ್ಲಿ 'ಸ್ಕ್ಯಾಬ್' ಅಂತಾರೆ. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವನಿಗೂ ಅದೇ ಪದ. ಗುಮಾಸ್ತನಾಗಿ ನಮ್ಮ ಆಫೀಸಿನ ಮುಷ್ಕರದಲ್ಲೂ ಇದನ್ನ ಕೇಳಿದ್ದೀನಿ. (ಕನ್ನಡದಲ್ಲಿ ಹಕ್ಕಳೆಗೆ 'ಹಕ್ಕು' ಅಂತಾನೂ ಇದೆ. ನಾವು ಕೇಳೋ ಹಕ್ಕು ಬೇರೆ, ಅದು ಅರಬ್ಬಿಯಿಂದ ಬಂದಿದ್ದು.)

ಮೊದಲು ಅದು ಕಜ್ಜಿಯಂಥ ಚರ್ಮರೋಗದ ಹೆಸರು. ಆಮೇಲೆ 'ನೀಚ' ಅನ್ನೋ ಬೈಗುಳ. 1806ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೂಲಿ ಹೆಚ್ಚಿಸಿ ಅಂತ ಒಗ್ಗಟ್ಟಾದ ಬೂಟು ಹೊಲಿಯುವವರ ಮೇಲೆ ಕೇಸಾದಾಗ ಕೋರ್ಟಿನಲ್ಲೇ ಈ ಪದ ಬಂತು. ಸ್ಕ್ಯಾಬ್ ಆದವನ ಜೊತೆ ಒಂದೇ ಅಂಗಡೀಲಿ ಕೂರಬಾರದು, ಒಂದೇ ಮನೇಲಿ ಉಣ್ಣಬಾರದು. ನಮಗೆ ಗೊತ್ತಿಲ್ಲದ ಕಟ್ಟಳೆಯಾ ಇದು?

ಮುಂಬೈ ಗಿರಣಿಗಳಿಗೆ ಬನ್ನಿ. ಹೆಚ್ಚು ಕೂಲಿ ಸಿಗ್ತಿದ್ದ ನೇಯ್ಗೆ ವಿಭಾಗಕ್ಕೆ ನಮ್ಮವರಿಗೆ ಪ್ರವೇಶ ಇರಲಿಲ್ಲ. ತುಂಡಾದ ನೂಲನ್ನ ಎಂಜಲಲ್ಲಿ ಒದ್ದೆ ಮಾಡಿ ಸೇರಿಸಬೇಕಿತ್ತು, ಮೈಲಿಗೆ ಆಗುತ್ತಂತೆ! ತಡೆದವರು ಮಾಲೀಕರಲ್ಲ, ಜೊತೆಯ ಸವರ್ಣ ಕಾರ್ಮಿಕರು. 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ, ಇಲ್ಲಾಂದ್ರೆ ನಮ್ಮವರು ಮುಷ್ಕರಕ್ಕೆ ಬರಲ್ಲ ಅಂದ್ರು. ಮುಖಂಡರು ಒಲ್ಲದ ಮನಸ್ಸಿಂದ ಸೇರಿಸಿದ್ರು. 1929ರ ಮುಷ್ಕರಕ್ಕೆ ಅವರು ಬೆಂಬಲ ಕೊಡಲಿಲ್ಲ. ಮಗ್ಗದ ಹತ್ತಿರವೇ ಬಿಟ್ಟುಕೊಳ್ಳದವನನ್ನ ಮುಷ್ಕರ ಮುರುಕ ಅನ್ನೋದು ಯಾವ ನ್ಯಾಯ?

ಅದೇ ಬಾಬಾಸಾಹೇಬರು 1938ರ ನವೆಂಬರ್ 7ರಂದು, ಮುಷ್ಕರಕ್ಕೇ ಕಡಿವಾಣ ಹಾಕೋ ಕೈಗಾರಿಕಾ ವಿವಾದ ಮಸೂದೆ ವಿರುದ್ಧ ಕಮ್ಯುನಿಸ್ಟರ ಜೊತೆ ಸೇರಿ ಮುಷ್ಕರ ನಡೆಸಿದ್ರು. ಕಾಮ್ರೇಡುಗಳು 1938 ನೆನೆಸ್ಕೊಳ್ತಾರೆ, 1928 ಮಾತ್ರ ಅವರ ಭಾಷಣದಲ್ಲಿ ನಾನು ಕೇಳಿಲ್ಲ.