ಬೆಳ್ಳಗಿರುವುದೆಲ್ಲ ಪಿಂಗಾಣಿ ಮಣ್ಣಲ್ಲ

ಮಕ್ಕಳ ರಜೆಯಲ್ಲಿ ಕಾರ್ನ್‌ವಾಲ್‌ಗೆ ಹೋದವರು ಈಡನ್ ಪ್ರಾಜೆಕ್ಟ್ ನೋಡಿರ್ತೀರಿ. ಆ ಗುಮ್ಮಟಗಳು ಕೂತಿರೋದು ಒಂದು ದೊಡ್ಡ ಗುಂಡಿಯಲ್ಲಿ. ಅದು ಹಳೆಯ ಕಯೋಲಿನ್ ಗಣಿ. ಕಯೋಲಿನ್ ಅಂದ್ರೆ ಪಿಂಗಾಣಿ ಮಾಡೋ ಬಿಳಿ ಮಣ್ಣು. ಇಂಗ್ಲೆಂಡಿನಲ್ಲಿ ಈ ಮಣ್ಣನ್ನು ಮೊದಲು ಗುರುತಿಸಿದ್ದು ಗಣಿಗಾರನೂ ಅಲ್ಲ, ಕುಂಬಾರನೂ ಅಲ್ಲ. ಪ್ಲಿಮತ್ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ವಿಲಿಯಂ ಕುಕ್‌ವರ್ದಿ.

ಕಥೆ ಶುರುವಾಗೋದು ಚೀನಾದಲ್ಲಿ. ಪಿಂಗಾಣಿಗೆ ಹೆಸರಾದ ಜಿಂಗ್‌ಡೆಝೆನ್ ಪಟ್ಟಣದ ಕೆಲಸದ ಬಗ್ಗೆ ದಾಂತ್ರೆಕೋಲ್ ಎಂಬ ಫ್ರೆಂಚ್ ಪಾದ್ರಿ 1712ರಲ್ಲಿ ಒಂದು ದೀರ್ಘ ಪತ್ರ ಬರೆದರು. ಪಿಂಗಾಣಿಗೆ ಎರಡು ವಸ್ತು ಬೇಕು: ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಒಂದು ಕಲ್ಲಿನ ಪುಡಿ, ಕರಗದೆ ಆಕಾರ ಹಿಡಿದಿಡುವ ಕಯೋಲಿನ್. ಒಂದು ಮಾಂಸ, ಇನ್ನೊಂದು ಮೂಳೆ ಅಂದುಕೊಳ್ಳಿ. ಕಯೋಲಿನ್ ಎಂಬ ಹೆಸರು ಬಂದಿದ್ದೂ ಅಲ್ಲಿನ ಗಾವೊಲಿಂಗ್ ಗುಡ್ಡದಿಂದಲೇ.

ಈ ವಿವರಗಳನ್ನು ಓದಿದ್ದ ಕುಕ್‌ವರ್ದಿಗೆ 1740ರ ದಶಕದಲ್ಲಿ ಕಾರ್ನ್‌ವಾಲ್‌ನ ಟ್ರೆಗೊನಿಂಗ್ ಗುಡ್ಡದಲ್ಲಿ ಒಂದು ಬಿಳಿ ಮಣ್ಣು ಕಣ್ಣಿಗೆ ಬಿತ್ತು. ಅಲ್ಲಿನ ಗಣಿ ಕೆಲಸದವರಿಗೆ ಅದು ಹೊಸದೇನಲ್ಲ. ಒಲೆ, ಕುಲುಮೆಗಳ ಬಿರುಕು ಮುಚ್ಚೋಕೆ ಬಳಸ್ತಿದ್ದರು. ಕುಲುಮೆಯ ಬಿಸಿಗೂ ಕರಗದ ಮಣ್ಣು ಅದು. ಅಂದ್ರೆ ಮೂಳೆಯ ಗುಣ!

ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಮಣ್ಣಿಗೂ ಅದೇ ಮಾತು. ಮೊದಲ ಪರೀಕ್ಷೆ ನೀರಿನದು. ಮಣ್ಣನ್ನು ನೀರಲ್ಲಿ ಕದಡಿದರೆ ಮರಳು, ಅಭ್ರಕ ತಳಕ್ಕೆ ಇಳಿಯುತ್ತವೆ, ನುಣ್ಣನೆಯ ಕಯೋಲಿನ್ ಮೇಲೆ ತೇಲುತ್ತಿರುತ್ತದೆ. ಎರಡನೆಯದು ಕೈಯದು: ಕಲಸಿದಾಗ ಬಿರಿಯದೆ ಬಾಗುತ್ತಾ? ಮೂರನೆಯದು ಬೆಂಕಿಯದು. ನಮ್ಮೂರ ಮಡಕೆ ಸುಟ್ಟ ಮೇಲೆ ಕೆಂಪಾಗೋದು ಮಣ್ಣಲ್ಲಿರೋ ಕಬ್ಬಿಣದಿಂದ. ಕಯೋಲಿನ್‌ನಲ್ಲಿ ಸ್ವಲ್ಪ ಕಬ್ಬಿಣ ಹೆಚ್ಚಿದ್ದರೂ ಸಾಕು, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಇನ್ನೊಂದು ತೊಂದರೆ: ಶುದ್ಧ ಕಯೋಲಿನ್‌ನ ತೂಕದಲ್ಲಿ ಸುಮಾರು 14% ನೀರೇ. ಅದು ಖನಿಜದೊಳಗೇ ಸೇರಿಕೊಂಡಿರುವ ನೀರು. ಸುಡುವಾಗ ಅದು ಹೊರಟುಹೋಗುತ್ತದೆ, ಪಾತ್ರೆ ಕುಗ್ಗುತ್ತದೆ. ಮಿಶ್ರಣ, ಶಾಖ ಸರಿಯಿಲ್ಲದಿದ್ದರೆ ಸೊಟ್ಟಗಾಗುತ್ತದೆ.

ಮಣ್ಣು ಸಿಕ್ಕಿದ ಮೇಲೆ ಕುಕ್‌ವರ್ದಿ ಪೇಟೆಂಟ್ ಪಡೆಯೋಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯ್ತು. ಅದು ಸಿಕ್ಕಿದ್ದು 1768ರಲ್ಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನೋ ಗಾದೆ ಇವನ ಪಾಲಿಗೂ ನಿಜವಾಯ್ತು. ಮಣ್ಣು ಸರಿಯಾಗಿತ್ತು, ಗೂಡು ಕೈಕೊಟ್ಟಿತು. ಪ್ಲಿಮತ್‌ನ ಪಾತ್ರೆಗಳಲ್ಲಿ ಎಷ್ಟೋ ಹೊಗೆ ಹಿಡಿದವು, ಸೊಟ್ಟಗಾದವು. 1770ರಲ್ಲಿ ಕೆಲಸ ಬ್ರಿಸ್ಟಲ್‌ಗೆ ಹೋಯ್ತು, 1774ರಲ್ಲಿ ಹಕ್ಕು ರಿಚರ್ಡ್ ಚಾಂಪಿಯನ್ ಪಾಲಾಯ್ತು. ಪೇಟೆಂಟ್ ಅವಧಿ ಹೆಚ್ಚಿಸಿ ಅಂತ ಚಾಂಪಿಯನ್ ಪಾರ್ಲಿಮೆಂಟಿಗೆ ಹೋದಾಗ ಎದುರು ನಿಂತದ್ದು ಜೊಸಾಯಾ ವೆಜ್‌ವುಡ್. ನೆಲದಲ್ಲಿರೋ ಮಣ್ಣು ಒಬ್ಬನ ಸ್ವತ್ತಾಗಬಹುದಾ ಅನ್ನೋದೇ ಜಗಳ. 1775ರಲ್ಲಿ ಅವಧಿ ಸಿಕ್ಕಿತು. ಆದರೆ ಬೆಳಕು ಹಾಯುವ ಪಿಂಗಾಣಿ ಬಿಟ್ಟು ಬೇರೆ ಪಾತ್ರೆಗಳಿಗೆ ಆ ಮಣ್ಣನ್ನು ಯಾರು ಬೇಕಾದರೂ ಬಳಸಬಹುದು ಅಂತಾಯ್ತು. ಕಾರ್ನ್‌ವಾಲ್ ಮಣ್ಣು ಸ್ಟಾಫರ್ಡ್‌ಶೈರ್‌ನ ಗೂಡುಗಳಿಗೆ ಹರಿಯಿತು.

ಮುಂದಿನ ಸಲ ಸೇಂಟ್ ಆಸ್ಟೆಲ್ ಕಡೆ ಹೋದಾಗ ದೂರದ ಬಿಳಿ ಗುಡ್ಡಗಳನ್ನು ಮಕ್ಕಳಿಗೆ ತೋರಿಸಿ. ಅವು ಕಯೋಲಿನ್ ಅಲ್ಲ. ಮಣ್ಣು ತೊಳೆದಾಗ ತಳಕ್ಕಿಳಿದ ಮರಳು ಅದು, ತಲೆಮಾರುಗಳಿಂದ ರಾಶಿ ಬಿದ್ದಿದ್ದು.