ಲೇಸರ್ ರೇಖೆಗಳಿಗೆ ಆಧಾರ ಯಾವುದು: ವಿಕಿರಣ ಚಿಕಿತ್ಸಾ ಕೊಠಡಿಯಲ್ಲಿ ಪರಿಶೀಲನೆಯ ಕ್ರಮ

ಲೀನಿಯರ್ ಆಕ್ಸಿಲರೇಟರ್ ಇರುವ ಕೊಠಡಿಯ ಗೋಡೆಗಳಿಂದ ಹೊರಡುವ ಲೇಸರ್ ರೇಖೆಗಳಿಗೆ ರೋಗಿಯ ಚರ್ಮದ ಮೇಲಿನ ಗುರುತುಗಳನ್ನು ಹೊಂದಿಸಲಾಗುತ್ತದೆ. ರೇಖೆಗಳು ಕೂಡುವಲ್ಲೇ ಗ್ಯಾಂಟ್ರಿ, ಕೊಲಿಮೇಟರ್, ಕೌಚ್‌ಗಳ ತಿರುಗುವ ಅಕ್ಷಗಳೂ ಕೂಡುತ್ತವೆ, ಅಂದರೆ ಐಸೋಸೆಂಟರ್ ಅಲ್ಲೇ ಇದೆ, ಎಂಬುದು ಇದರ ಹಿಂದಿನ ನಂಬಿಕೆ. ವಾಸ್ತವದಲ್ಲಿ ಐಸೋಸೆಂಟರ್ ಒಂದು ಬಿಂದುವಲ್ಲ. ತನ್ನದೇ ಭಾರಕ್ಕೆ ಗ್ಯಾಂಟ್ರಿ ತುಸು ಬಾಗುವುದರಿಂದ ಕೋನ ಬದಲಾದಂತೆ ಕಿರಣದ ಅಕ್ಷವೂ ಸರಿಯುತ್ತದೆ. ಅಳತೆಗೆ ಸಿಗುವುದು ಒಂದು ಪುಟ್ಟ ಗೋಳ. ಆ ಗೋಳದ ಕೇಂದ್ರವನ್ನು ವಿಕಿರಣದಿಂದಲೇ ಗುರುತಿಸಿ ಲೇಸರ್‌ಗಳನ್ನು ಅದಕ್ಕೆ ಹೊಂದಿಸಬೇಕು, ಯಾಂತ್ರಿಕ ಸೂಚಿಯ ತುದಿಗಲ್ಲ ಎಂಬುದು ನನ್ನ ವಾದ.

ಎದುರುಬದುರು ಲೇಸರ್‌ಗಳು ಒಂದರ ಮೇಲೊಂದು ಬಿದ್ದರೆ ಸಾಕೆಂಬ ರೂಢಿಯನ್ನು ಒಪ್ಪಲಾಗದು. ಎರಡೂ ಒಂದೇ ಅಳತೆಯಲ್ಲಿ ಮೇಲಕ್ಕೆ ಸರಿದಿದ್ದರೂ ಅವು ಕರಾರುವಾಕ್ಕಾಗಿ ಕೂಡುತ್ತವೆ, ಕೂಡುವ ಜಾಗ ಮಾತ್ರ ತಪ್ಪಾಗಿರುತ್ತದೆ. 3 ಮೀಟರ್ ದೂರದ ಗೋಡೆಯಲ್ಲಿ ಲೇಸರ್ ಬರೀ 0.02 ಡಿಗ್ರಿ ವಾಲಿದರೂ ಕೇಂದ್ರದಲ್ಲಿ ರೇಖೆ ಸುಮಾರು 1 ಮಿ.ಮೀ. ತಪ್ಪುತ್ತದೆ. ಇದಕ್ಕಿಂತ ಮೋಸದ ದೋಷ ಇನ್ನೊಂದಿದೆ: ಕೇಂದ್ರದ ಮೂಲಕವೇ ಹಾಯುವ ರೇಖೆ 0.3 ಡಿಗ್ರಿ ಓರೆಯಾಗಿದ್ದರೆ 20 ಸೆಂ.ಮೀ. ಆಚೆಯ ಗುರುತಿನಲ್ಲಿ 1 ಮಿ.ಮೀ. ವ್ಯತ್ಯಾಸ ಬರುತ್ತದೆ, ಕೇಂದ್ರದಲ್ಲಷ್ಟೇ ನೋಡುವವರಿಗೆ ಅದು ಕಾಣುವುದೇ ಇಲ್ಲ. ಲುಟ್ಜ್, ವಿನ್‌ಸ್ಟನ್ ಮತ್ತು ಮಾಲೆಕಿ 1988ರಲ್ಲಿ ಪ್ರಕಟಿಸಿದ ಪರೀಕ್ಷೆಯ ಬೆಲೆ ಇಲ್ಲಿ ತಿಳಿಯುತ್ತದೆ. ಸಣ್ಣ ಲೋಹದ ಗುಂಡನ್ನು ಕಿರಣದಲ್ಲಿಟ್ಟು ಹಲವು ಕೋನಗಳಿಂದ ಚಿತ್ರ ತೆಗೆದರೆ, ಕಿರಣದ ನಡುವಿನಿಂದ ಗುಂಡು ಎಷ್ಟು ದೂರವಿದೆಯೆಂದು ಕಿರಣವೇ ತೋರಿಸುತ್ತದೆ. ಗುಂಡನ್ನು ಸರಿಪಡಿಸಿ, ಅದರ ಮೇಲೆ ಲೇಸರ್‌ಗಳನ್ನು ಕೂಡಿಸಿ, ಬಳಿಕ ಎರಡೂ ಬದಿಗೆ 20 ಸೆಂ.ಮೀ.ವರೆಗೆ ರೇಖೆಯ ನೇರ ನೋಡುವುದು ಸರಿಯಾದ ಕ್ರಮ.

ಕೋನ್‌ಬೀಮ್ ಸಿ.ಟಿ. ಬಂದ ಮೇಲೆ ಲೇಸರ್‌ಗೆ ಇಷ್ಟು ಶ್ರಮವೇಕೆ ಎಂಬ ಆಕ್ಷೇಪ ತೂಕದ್ದೇ. ಅಂತಿಮ ಸ್ಥಾನವನ್ನು ಚಿತ್ರ ತಿದ್ದುವುದು ನಿಜ. ಆದರೆ ಸಾಮಾನ್ಯ ಕೌಚ್ ಮೂರು ದಿಕ್ಕಿಗೆ ಸರಿಯಬಲ್ಲದು, ಸಮತಲದಲ್ಲಿ ತಿರುಗಬಲ್ಲದು. ದೇಹ ಮಗ್ಗುಲಿಗೆ ವಾಲಿದ್ದರೆ ಅದನ್ನು ತಿದ್ದಲಾರದು. ಆ ವಾಲುವಿಕೆ ಪಕ್ಕದ ಲೇಸರ್‌ಗಳಲ್ಲೇ ಮೊದಲು ಕಾಣಬೇಕು. ಇನ್ನೂ ಗಂಭೀರವಾದದ್ದು ಪರಿಶೀಲನೆಯ ಸುತ್ತು: ಲೇಸರ್‌ ನೋಡಿ ಇಟ್ಟ ಫ್ಯಾಂಟಮ್‌ನಿಂದಲೇ ಚಿತ್ರಣದ ಕೇಂದ್ರವನ್ನು ನಿಗದಿಪಡಿಸಿದ್ದರೆ, ಲೇಸರ್‌ನ ತಪ್ಪು ಚಿತ್ರಣಕ್ಕೂ ದಾಟುತ್ತದೆ. ಆಮೇಲೆ ಪ್ರತಿ ಬೆಳಿಗ್ಗೆ ಎರಡೂ ಒಂದನ್ನೊಂದು ಸಮರ್ಥಿಸುತ್ತವೆ, ಎರಡೂ ತಪ್ಪಾಗಿದ್ದರೂ. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ವಿಕಿರಣದ ಕೇಂದ್ರಕ್ಕೇ ಹೋಲಿಸಬೇಕು. 2009ರ ಎ.ಎ.ಪಿ.ಎಂ. ವರದಿ 142 ದೈನಂದಿನ ಲೇಸರ್ ಪರೀಕ್ಷೆಗೆ ಸಾಮಾನ್ಯ ಚಿಕಿತ್ಸೆಯಲ್ಲಿ 2, ಐ.ಎಂ.ಆರ್.ಟಿ.ಯಲ್ಲಿ 1.5, ಸ್ಟೀರಿಯೊಟ್ಯಾಕ್ಟಿಕ್ ಚಿಕಿತ್ಸೆಯಲ್ಲಿ 1 ಮಿ.ಮೀ. ಮಿತಿ ಹಾಕಿದೆ, ಯಾವ ಆಧಾರದಿಂದ ಅಳೆದೆವು ಎಂಬುದು ಖಚಿತವಿದ್ದರೆ ಮಾತ್ರ ಈ ಅಂಕಿಗಳಿಗೆ ಅರ್ಥ. ಚಿತ್ರ ತೆಗೆಯದೆ ಕೊಡುವ ತುರ್ತು ಉಪಶಮನ ಚಿಕಿತ್ಸೆಯಲ್ಲಂತೂ ಲೇಸರ್‌ನ ತಪ್ಪನ್ನು ತಿದ್ದುವ ಮತ್ತೊಂದು ಹಂತವೇ ಇರುವುದಿಲ್ಲ.